ಚಿಪ್ ಇಲ್ಲದ ಒಂದೇ ಒಂದು ನಾಯಿ

ಫ್ಲಿಂಟ್ ಗೊರಕೆ ಹೊಡೆಯುತ್ತಿತ್ತು. ಕೈಗಾಡಿಯಲ್ಲಿ ಹಳೆಯ ಕಂಬಳಿ ಹಾಸಿ, ಅದರ ಮೇಲೆ ನಾಯಿಯನ್ನು ಮಲಗಿಸಿ, ಮೂರು ಕಿಲೋಮೀಟರ್ ತಳ್ಳಿಕೊಂಡು ಬಂದು ಕೌನ್ಸಿಲ್ ಕಚೇರಿಯ ಕೌಂಟರ್ ಮುಂದೆ ನಿಲ್ಲಿಸಿದ್ದ ಅದರ ಯಜಮಾನ. ಮಧ್ಯಾಹ್ನ ಹನ್ನೆರಡಕ್ಕೆ ಸೂಜಿ ಚುಚ್ಚಿಸಿಕೊಂಡು ಸಾಯಬೇಕಾದ ಪ್ರಾಣಿ ಅಷ್ಟು ನೆಮ್ಮದಿಯಾಗಿ ಮಲಗಿರುವುದನ್ನು ಕಂಡು ನಾಯಿ ಅಧಿಕಾರಿ ಕೆಲ್ವಿನ್‌ಗೇ ಮುಜುಗರವಾಯಿತು. ಕೈಯಲ್ಲಿದ್ದ ನೋಟೀಸನ್ನು ಮೆಲುದನಿಯಲ್ಲಿ ಓದತೊಡಗಿದ.

"ಗಟ್ಟಿಯಾಗೇ ಓದಪ್ಪ," ಎಂದ ಯಜಮಾನ. "ಅದಕ್ಕೆ ಕಿವಿ ಕೇಳಲ್ಲ."

ಯಜಮಾನನ ಹೆಸರು ವಿರೆಮು. ಎಂಬತ್ತೆರಡು ವರ್ಷ. ವೈತೋಕಾ ಕಣಿವೆಯಲ್ಲಿ ಮೂಲನಿವಾಸಿ ಮಾವೊರಿಗಳೂ ಬಿಳಿಯರೂ ಅವನನ್ನು ಕೋರೋ ಎಂದೇ ಕರೆಯುತ್ತಾರೆ, ಅಜ್ಜ ಅಂತ. ಫ್ಲಿಂಟ್‌ಗೆ ಹದಿನಾಲ್ಕು ವರ್ಷ. ಹಿಂದಿನ ಕಾಲು ಎರಡೂ ಕೈಕೊಟ್ಟಿವೆ. ಆ ಮನೆಯಲ್ಲಿ ಯಾರು ಯಾರನ್ನು ಸಾಕುತ್ತಿದ್ದಾರೆ ಎಂದು ಹೇಳುವುದು ಕಷ್ಟ.

ಸೋಮವಾರ ನಸುಕಿನಲ್ಲಿ ಕಪ್ಪುಬಿಳಿ ನಾಯಿಯೊಂದು ಹ್ಯಾಮಿಶ್ ಓಗಿಲ್ವಿಯ ಟಗರನ್ನು ಅಟ್ಟಿಸಿಕೊಂಡು ಹೋಗಿ ದಿಬ್ಬದಿಂದ ಕೆಡವಿ ಕೊಂದಿತ್ತು. ಬರಿಯ ಟಗರಲ್ಲ. ಬ್ರಿಗೇಡಿಯರ್ ಎಂಬ ಹೆಸರಿನ, ಒಂಬತ್ತು ವರ್ಷ ಸತತವಾಗಿ ಪ್ರದರ್ಶನದಲ್ಲಿ ಮೊದಲ ಬಹುಮಾನ ಗೆದ್ದ ಟಗರು. ಹ್ಯಾಮಿಶ್ ಐದು ದಿನದಿಂದ ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದ. ಈಗಲೂ ಗೋಡೆ ಪಕ್ಕದ ಬೆಂಚಿನಲ್ಲಿ, ಹತ್ತಿರದ ಬಂಧುವನ್ನು ಮಣ್ಣುಮಾಡಿ ಬಂದವನಂತೆ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ.

ಇವರೆಲ್ಲರ ನಡುವೆ ನಿಂತು ನೋಟೀಸನ್ನು ಮೂರನೆಯ ಸಲ ಓದುತ್ತಿದ್ದವಳು ಮೆರೆಯಾನಾ ಕೆರೆಯಿ. ಮೂವತ್ತು ವರ್ಷ ಉಣ್ಣೆ ಶೆಡ್ಡುಗಳಲ್ಲಿ ಎಳೆ ಮುಟ್ಟಿ ಮುಟ್ಟಿ ದರ್ಜೆ ಹೇಳಿದವಳು. ಈಗ ಊರಿನವರು ಕಳೆದುಕೊಂಡದ್ದನ್ನು ಹುಡುಕಿಕೊಡುತ್ತಾಳೆ, ಬಚ್ಚಿಟ್ಟದ್ದನ್ನೂ.

"ಕೆಲ್ವಿನ್, ಈ ನಾಯಿ ಎದ್ದು ಬಾಗಿಲ ತನಕ ನಡೆದರೆ ನಾನೇ ಸೂಜಿ ಹಿಡ್ಕೊಂಡು ಬರ್ತೀನಿ," ಎಂದಳು. "ಇದು ಟಗರನ್ನ ಓಡಿಸ್ತಾ?"

ಕೆಲ್ವಿನ್ ತನ್ನ ವಾದವನ್ನು ಇನ್ನೊಮ್ಮೆ ಬಿಡಿಸಿ ಹೇಳಿದ. ಸೋಮವಾರ ಬೆಳಗಿನ ಜಾವ ತಾನೇ ರಸ್ತೆಯಲ್ಲಿ ಆ ನಾಯಿಯನ್ನು ಹಿಡಿದದ್ದು. ಕತ್ತಲೆಯಲ್ಲಿ ಮುಖ ಸರಿಯಾಗಿ ಕಾಣಲಿಲ್ಲ. ಸೊಂಟದಲ್ಲಿದ್ದ ಚಿಪ್ ಓದುವ ಕೋಲನ್ನು ಅದರ ಕತ್ತಿನ ಮೇಲೆ ಆಡಿಸಿದ್ದಕ್ಕೆ ಸದ್ದೇ ಬರಲಿಲ್ಲ. ಅಂದರೆ ಚರ್ಮದ ಕೆಳಗೆ ಗುರುತಿನ ನಂಬರಿನ ಚಿಪ್ ಇಲ್ಲ. ಅಷ್ಟರಲ್ಲಿ ಅದು ಕೈ ಕಚ್ಚಿ ಓಡಿಹೋಯಿತು. ಕಚೇರಿಗೆ ಬಂದು, ಚಿಪ್ ನಂಬರಿನ ಕಾಲಂ ಖಾಲಿ ಇರುವ ನಾಯಿಗಳನ್ನು ತೋರಿಸು ಎಂದು ಕಂಪ್ಯೂಟರನ್ನು ಕೇಳಿದ. ಇಡೀ ಕಣಿವೆಯಲ್ಲಿ ಒಂದೇ ಒಂದು ಹೆಸರು ಬಂತು. ಫ್ಲಿಂಟ್.

"ಒಂದೇ ಒಂದು," ಎಂದು ಬ್ಯಾಂಡೇಜಿನ ಬೆರಳೆತ್ತಿ ತೋರಿಸಿದ. "ಕಾಲು ಬಿದ್ದುಹೋಗಿದೆಯೋ ನಾಟಕ ಆಡ್ತಿದೆಯೋ ನಂಗೆ ಗೊತ್ತಿಲ್ಲ. ದಾಖಲೆ ನಾಟಕ ಆಡಲ್ಲ."

ಮೆರೆಯಾನಾ ಬೆಂಚಿನ ಕಡೆ ತಿರುಗಿದಳು.

"ಹ್ಯಾಮಿಶ್, ನಿನ್ನ ಹತ್ರ ಎಷ್ಟು ನಾಯಿ?"

"ಆರು."

"ಚಿಪ್ ಹಾಕ್ಸಿದ್ಯಾ?"

"ಯಾಕೆ ಹಾಕಿಸ್ಲಿ? ಕುರಿ ಕಾಯೋ ನಾಯಿಗೆ ಬೇಕಿಲ್ಲ ಅಂತ ಕಾನೂನೇ ಇದೆಯಲ್ಲ. ಚಿಪ್ ಏನಿದ್ರೂ ಪೇಟೆಯ ಸೋಫಾ ನಾಯಿಗಳಿಗೆ."

ಹೇಳಿ ಮುಗಿಸಿದ ಮೇಲೆ ಹ್ಯಾಮಿಶ್‌ನ ಹುಬ್ಬುಗಳು ನಿಧಾನವಾಗಿ ಒಂದಕ್ಕೊಂದು ಹತ್ತಿರ ಬಂದವು. ತನ್ನ ಆರು, ಕೋರೋನ ಒಂದು. ಸತ್ತ ಟಗರಿನ ದುಃಖದಲ್ಲೂ ಅವನಿಗೆ ಏಳರವರೆಗೆ ಎಣಿಸಲು ಬರುತ್ತಿತ್ತು.

ಕೌಂಟರಿನ ಹಿಂದೆ ಕಂಪ್ಯೂಟರಿನ ಮುಂದೆ ಕೂತಿದ್ದ ಬ್ರಾನ್ವಿನ್ ಪ್ರಾಸರ್ ಇದ್ದಕ್ಕಿದ್ದಂತೆ ಮೇಜಿನ ಕೆಳಗೆ ಏನನ್ನೋ ಹುಡುಕತೊಡಗಿದಳು. ನಾಯಿ ನೋಂದಣಿ, ಗ್ರಂಥಾಲಯದ ಕಾರ್ಡು, ಸ್ಮಶಾನದ ಜಾಗ, ಮೂರನ್ನೂ ಹನ್ನೆರಡು ವರ್ಷದಿಂದ ಅವಳೇ ನೋಡಿಕೊಳ್ಳುತ್ತಿದ್ದಳು.

"ಬ್ರಾನ್ವಿನ್, ಹ್ಯಾಮಿಶ್‌ನ ನಾಯಿಗಳನ್ನ ತೆಗಿಯಮ್ಮ. ಚಿಪ್ ನಂಬರ್ ಏನಿದೆ ಓದು."

"ಆಂಟಿ, ಅದು ಒಳಗಿನ ದಾಖಲೆ."

"ನನ್ನ ನಾಯೀದು ನಂಗೆ ಓದೋಕೆ ಏನು?" ಎಂದ ಹ್ಯಾಮಿಶ್.

ಬ್ರಾನ್ವಿನ್ ಮೇಲೆದ್ದಾಗ ಅವಳ ಕುತ್ತಿಗೆಯವರೆಗೂ ಕೆಂಪಾಗಿತ್ತು. ಮೊದಲನೆಯ ನಾಯಿ, ರಾಯ್. ಚಿಪ್ ನಂಬರಿನ ಜಾಗದಲ್ಲಿ 'ಇಲ್ಲ' ಎಂದಿತ್ತು. ಎರಡನೆಯದಕ್ಕೆ 'ಇಲ್ಲ ಇಲ್ಲ'. ಮೂರನೆಯದಕ್ಕೆ 'ಇಲ್ಲವೇ ಇಲ್ಲ'. ನಾಲ್ಕನೆಯದಕ್ಕೆ 'ಇಲ್ಲ ಅಂದೆನಲ್ಲ'. ಐದನೆಯದಕ್ಕೆ 'ಇದಕ್ಕೂ ಇಲ್ಲ'. ಆರನೆಯದನ್ನು ಅವಳು ಓದಲೊಪ್ಪಲಿಲ್ಲ. ಹ್ಯಾಮಿಶ್ ಎದ್ದುಹೋಗಿ ಅವಳ ಭುಜದ ಮೇಲಿಂದ ಇಣುಕಿ, 'ಈ ಹ್ಯಾಮಿಶ್ ಮನೆಗೆ ಹೋಗಬಾರದೆ' ಎಂದು ತಾನೇ ಗಟ್ಟಿಯಾಗಿ ಓದಿದ.

ಫ್ಲಿಂಟ್ ಗೊರಕೆ ಹೊಡೆಯುತ್ತಲೇ ಇತ್ತು.

ಆಮೇಲೆ ಬ್ರಾನ್ವಿನ್ ಎಲ್ಲವನ್ನೂ ಹೇಳಿದಳು. ಕಳೆದ ಜೂನ್‌ನಲ್ಲಿ ಕೌನ್ಸಿಲ್ ಹೊಸ ಕಂಪ್ಯೂಟರ್ ವ್ಯವಸ್ಥೆ ತಂದಿತ್ತು. ಹಳೆಯದರಲ್ಲಿ ಚಿಪ್ ಇಲ್ಲದ ನಾಯಿಗಳ ಕಾಲಂ ಖಾಲಿ ಬಿಟ್ಟರೆ ಸರಿಹೋಗುತ್ತಿತ್ತು. ಜುಲೈ ಒಂದಕ್ಕೆ ವರ್ಷದ ನೋಂದಣಿ ಶುರು. ಎಂದಿನಂತೆ ಕೋರೋ ಬಾಗಿಲು ತೆಗೆಯುವ ಮೊದಲೇ ಬಂದು ಸಾಲಿನ ಮುಂದೆ ನಿಂತಿದ್ದ. ನಲವತ್ತು ವರ್ಷದಿಂದ ಆ ದಿನ ಅವನ ಮುಂದೆ ನಿಲ್ಲಲು ಯಾರಿಗೂ ಧೈರ್ಯವಿಲ್ಲ. ಫ್ಲಿಂಟ್‌ನ ಕಾಲಂ ಖಾಲಿ ಬಿಟ್ಟಳು, ಕಂಪ್ಯೂಟರ್ ಒಪ್ಪಿಕೊಂಡಿತು. ಎರಡನೆಯವನಾಗಿ ಹ್ಯಾಮಿಶ್ ಬಂದ. ರಾಯ್‌ನ ಕಾಲಂ ಖಾಲಿ ಬಿಟ್ಟಳು. 'ಇದು ಈಗಾಗಲೇ ಇದೆ' ಎಂದು ಕಂಪ್ಯೂಟರ್ ವಾಪಸ್ ಕಳಿಸಿತು.

"ಏನು ಈಗಾಗಲೇ ಇದೆ ಅಂತ ಹೇಳಲಿಲ್ಲ ಆಂಟಿ. ಸಾಲು ಬೇಕರಿ ತನಕ ಹೋಗಿತ್ತು. ಎಲ್ಲರ ಜೊತೇಲೂ ನಾಯಿ. ಎರಡು ನಾಯಿ ಕಚ್ಚಾಡೋಕೆ ಶುರು ಮಾಡಿದ್ವು. ಏನಾದ್ರೂ ಒಂದು ತುಂಬಿದ್ರೆ ಒಪ್ಕೊಳ್ತಿತ್ತು, ಆದರೆ ತುಂಬಿದ್ದನ್ನೇ ಮತ್ತೆ ತುಂಬಿದ್ರೆ ಒಪ್ತಿರಲಿಲ್ಲ."

ಇಲ್ಲಗಳು ಹನ್ನೊಂದು ಗಂಟೆಯೊಳಗೆ ಮುಗಿದುಹೋದವಂತೆ. ಆಮೇಲೆ ಚೀಲದಲ್ಲಿದ್ದ ಸ್ವೆಟರ್ ಹೆಣಿಗೆಯ ಪುಸ್ತಕ ತೆಗೆದು, ಸಾಲುಸಾಲಾಗಿ ಹೆಣಿಗೆಯ ಲೆಕ್ಕವನ್ನೇ ನಂಬರ್ ಅಂತ ಟೈಪ್ ಮಾಡಿದ್ದಳು. ಮೂರು ದಿನದಲ್ಲಿ ಆರುನೂರ ಹನ್ನೊಂದು ನಾಯಿ. ಕಣಿವೆಯ ಕುರಿನಾಯಿಗಳೆಲ್ಲ ಸೇರಿದರೆ ಎರಡು ದೊಡ್ಡ ಸ್ವೆಟರೂ ಒಂದು ಕಾಲುಚೀಲವೂ ಆಗುತ್ತಿತ್ತು.

ಮೆರೆಯಾನಾ ನಗಲಿಲ್ಲ. ಇಲ್ಲದ ನಾಯಿಯೊಂದನ್ನು ಹೊಸದಾಗಿ ಸೇರಿಸಿ ತೋರಿಸು ಎಂದಳು. ಹೆಸರು ಪ್ರಯೋಗ, ಚಿಪ್ ಕಾಲಂ ಖಾಲಿ. ಬ್ರಾನ್ವಿನ್ ಗುಂಡಿ ಒತ್ತಿದಳು. ಎಲ್ಲರೂ ನೋಡುತ್ತಿದ್ದಂತೆ ಪರದೆಯ ಮೇಲೆ ಕೆಂಪಕ್ಷರ ಬಂತು: ಇದು ಈಗಾಗಲೇ ಇದೆ.

"ಕೆಲ್ವಿನ್, ಶೆಡ್ಡಿನಲ್ಲಿ ಗುರುತು ಹಾಕದ ಮೂಟೆ ಎರಡಿದ್ವು ಅಂದ್ಕೋ," ಎಂದಳು ಮೆರೆಯಾನಾ. "ಎರಡರ ಮೇಲೂ ಹೆಸರಿಲ್ಲ. ಹಾಗಂತ ಎರಡೂ ಒಂದೇ ಮೂಟೆ ಅಂತೀಯಾ? ಯಾರದ್ದು ಅಂತ ಗೊತ್ತಿಲ್ಲ ಅಂತೀಯ, ಅಷ್ಟೆ. ಈ ಕಂಪ್ಯೂಟರ್ ಖಾಲಿಯನ್ನೂ ಒಂದು ನಂಬರ್ ಅಂತ ತಿಳ್ಕೊಂಡಿದೆ. ನಂಬರ್ ಎರಡು ಸಲ ಬರಬಾರದಲ್ಲ, ಅದಕ್ಕೆ ಖಾಲೀನೂ ಎರಡು ಸಲ ಬಿಡಲ್ಲ. ಇಡೀ ಕಣಿವೆಗೆ ಒಂದೇ ಖಾಲಿ ಕುರ್ಚಿ. ಮೊದಲು ಬಂದ ಕೋರೋ ಅದರ ಮೇಲೆ ಫ್ಲಿಂಟ್‌ನ ಕೂರಿಸಿಬಿಟ್ಟ."

ನಲವತ್ತು ವರ್ಷ ಮೊದಲಿಗನಾಗಿ ನಿಂತದ್ದಕ್ಕೆ ಇಂಥ ಮರ್ಯಾದೆ ಸಿಕ್ಕಿತಲ್ಲ ಎಂದು ಕೋರೋ ಕೈಗಾಡಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡ.

ಕೆಲ್ವಿನ್ ಬಹಳ ಬೇಗ ಒಪ್ಪಿಕೊಂಡುಬಿಟ್ಟ. ಅಷ್ಟು ಬೇಗ ಒಪ್ಪುವವನಲ್ಲ ಅವನು. ಹಾಗಾದರೆ ಆ ನಿಯಮವೇ ಬೇಡ, ನಂಬರ್ ಎರಡು ಸಲ ಬಂದರೆ ಬರಲಿ, ಈಗಲೇ ತೆಗೆಸಿಬಿಡೋಣ ಎಂದು ಫೋನಿಗೆ ಕೈಹಾಕಿದ. ಮೆರೆಯಾನಾ ಅವನಿಗಿಂತ ಮೊದಲು ಫೋನ್ ಎತ್ತಿಕೊಂಡಳು. ನಿಯಮ ತೆಗೆದರೆ ಒಂದೇ ನಂಬರ್ ಇಟ್ಟುಕೊಂಡು ಇಬ್ಬರು ಎರಡು ನಾಯಿ ಸಾಕಬಹುದಲ್ಲ, ಆಮೇಲೆ ಕಚ್ಚಿದ್ದು ಯಾವುದು ಅಂತ ಹೇಳುವುದು ಹೇಗೆ ಎಂದು ಕೇಳಿದಳು. ಕೆಲ್ವಿನ್ ತಾನು ಸುಮ್ಮನೆ ಹೇಳಿದ್ದು ಎಂದ.

ಕಂಪ್ಯೂಟರ್ ಕಂಪನಿಯ ಮನುಷ್ಯ ಫೋನಿನಲ್ಲಿ ಸಿಕ್ಕಿದ. ಮೊದಲು ಇದು ತಮ್ಮ ತಪ್ಪಲ್ಲ ಎಂದ, ಆಮೇಲೆ ಸಮಸ್ಯೆ ಏನು ಎಂದು ಕೇಳಿದ. ಖಾಲಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವ್ಯವಸ್ಥೆಗಳೂ ಇವೆ, ಒಂದೇ ಸಲ ಒಪ್ಪುವಂಥವೂ ಇವೆ, ನಿಮ್ಮದು ಎರಡನೆಯ ಜಾತಿ ಎಂದು ವಿವರಿಸಿದ. ಮೆರೆಯಾನಾ ತನಗೆ ಬೇಕಾದ್ದನ್ನು ಹೇಳಿದಳು. ನಂಬರ್ ಇರುವ ನಾಯಿಗಳನ್ನು ಮಾತ್ರ ಒಂದಕ್ಕೊಂದು ಹೋಲಿಸಿ ನೋಡಬೇಕು, ಖಾಲಿ ಇರುವವುಗಳ ತಂಟೆಗೆ ಹೋಗಬಾರದು. ಅಂಥ ಷರತ್ತು ಹಾಕಲು ಬರುತ್ತದೆ ಎಂದ. ಬರುತ್ತಿದ್ದರೆ ಮೊದಲೇ ಯಾಕೆ ಹಾಕಲಿಲ್ಲ ಎಂದಳು. ಯಾರೂ ಕೇಳಲಿಲ್ಲ ಎಂದ.

ನಿಜವಾದ ಚಿಪ್ ನಂಬರಿಗೆ ಹದಿನೈದು ಅಂಕಿ. ಬ್ರಾನ್ವಿನ್‌ಳ ಇಲ್ಲಗಳೂ ಹೆಣಿಗೆಯ ಲೆಕ್ಕಗಳೂ ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಹದಿನೈದಿಲ್ಲದ್ದನ್ನೆಲ್ಲ ಆ ಮನುಷ್ಯ ಅಳಿಸಿ, ಷರತ್ತು ಹಾಕಿ, ಈಗ ನೋಡಿ ಎಂದ. ಚಿಪ್ ಇಲ್ಲದ ನಾಯಿಗಳನ್ನು ತೋರಿಸು ಎಂದು ಬ್ರಾನ್ವಿನ್ ಮತ್ತೆ ಕೇಳಿದಳು.

ಆರುನೂರ ಹನ್ನೆರಡು.

"ಕಪ್ಪುಬಿಳಿ ಎಷ್ಟು?" ಎಂದಳು ಮೆರೆಯಾನಾ.

"ನಾನೂರ ಮೂವತ್ತು."

ನಾನೂರ ಮೂವತ್ತು ನಾಯಿಗಳನ್ನೂ ಹನ್ನೆರಡು ಗಂಟೆಗೆ ಸೂಜಿಗೆ ಕರೆಸುತ್ತೀಯಾ ಎಂದು ಅವಳು ಕೆಲ್ವಿನ್‌ನನ್ನು ಕೇಳಿದಳು. ಬಾಯಿ ತೆರೆದವನು ಹ್ಯಾಮಿಶ್. ತನಗೆ ನಾನೂರ ಮೂವತ್ತು ಬೇಡ, ಒಂದು ಸಾಕು. ಆ ನಾನೂರ ಮೂವತ್ತರಲ್ಲಿ ಫ್ಲಿಂಟ್ ಈಗಲೂ ಇದೆ, ನೋಟೀಸಿನಲ್ಲಿರುವುದೂ ಅದರ ಹೆಸರೇ. ಬೇರೆ ನಾಯಿ ತೋರಿಸುವವರೆಗೆ ಈ ನೋಟೀಸು ನಿಲ್ಲಬೇಕು. ಹೇಳುವಾಗ ಅವನು ಕೋರೋನ ಕಡೆ ನೋಡಲಿಲ್ಲ. ಇಬ್ಬರೂ ಚಿಕ್ಕಂದಿನಿಂದ ಅಕ್ಕಪಕ್ಕದವರು.

ಕೆಲ್ವಿನ್ ತಲೆಯಾಡಿಸಿದ. ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿತ್ತು.

ಮೆರೆಯಾನಾ ಬಗ್ಗಿ ಫ್ಲಿಂಟ್‌ನ ಕುತ್ತಿಗೆಯ ಕೂದಲೊಳಗೆ ಬೆರಳಾಡಿಸಿದಳು, ಉಣ್ಣೆ ನೋಡುವವಳಂತೆ. ಬೆರಳು ಒಂದು ಕಡೆ ನಿಂತಿತು. ಬಗ್ಗಿದಂತೆಯೇ ಕೇಳಿದಳು.

"ಕೆಲ್ವಿನ್, ನೀನು ಕಂಡ ಪ್ರಾಣಿಗೆಲ್ಲ ಆ ಕೋಲು ಆಡಿಸ್ತೀಯ. ಚರ್ಚಿನ ಬೆಕ್ಕಿಗೆ ಆಡಿಸಿದ್ದೀಯ. ಮ್ಯೂಸಿಯಂನಲ್ಲಿ ಹುಲ್ಲು ತುಂಬಿಟ್ಟಿರೋ ನಾಯಿಗೂ ಆಡಿಸಿದ್ದೀಯ. ಕೊಲ್ಲಬೇಕಾದ ನಾಯಿಗೆ ಒಂದು ಸಲಾನೂ ಯಾಕೆ ಆಡಿಸಿಲ್ಲ?"

"ಬ್ಯಾಟರಿ ಮುಗಿದಿದೆ."

"ಯಾವತ್ತಿಂದ?"

"ಈಗಷ್ಟೇ."

ಬ್ರಾನ್ವಿನ್ ಕುರ್ಚಿಯ ಮೇಲೆ ಹತ್ತಿ ಗೋಡೆಗಡಿಯಾರ ಇಳಿಸಿ, ಅದರ ಹಿಂದಿನ ಬ್ಯಾಟರಿ ಎರಡನ್ನೂ ಬಿಚ್ಚಿ ಕೌಂಟರಿನ ಮೇಲಿಟ್ಟಳು. ಪಾಪದ ನಾಯಿಯೊಂದಕ್ಕೆ ತನ್ನಿಂದ ಈ ಗತಿ ಬಂತಲ್ಲ ಎಂದು ಅವಳಿಗೆ ಬೆಳಗಿನಿಂದ ಚಹಾ ಕೂಡ ಇಳಿದಿರಲಿಲ್ಲ. ಕೆಲ್ವಿನ್ ಆ ಬ್ಯಾಟರಿಗಳು ಹೊಂದುವುದಿಲ್ಲ ಎಂದ. ಹ್ಯಾಮಿಶ್ ಅವನ ಸೊಂಟದಿಂದ ಕೋಲು ಕಿತ್ತುಕೊಂಡು ಹಾಕಿ ನೋಡಿದ. ಹೊಂದಿದವು. ತೆಗೆದ ಹಳೆಯ ಬ್ಯಾಟರಿಗಳನ್ನು ಗಡಿಯಾರಕ್ಕೆ ಹಾಕಿದರೆ ಗಡಿಯಾರವೂ ನಡೆಯಿತು.

ಮೆರೆಯಾನಾ ಕೋಲು ಹಿಡಿದು ಫ್ಲಿಂಟ್‌ನ ಕತ್ತಿನ ಮೇಲೆ ಆಡಿಸಿದಳು.

ಕೋಲು ಕೀ ಎಂದಿತು.

ಕತ್ತಿಗೆ ಏನೋ ತಾಗಿದ್ದಕ್ಕೆ ಫ್ಲಿಂಟ್ ಒಂದು ಕಣ್ಣು ತೆರೆದು, ಊಟವಲ್ಲ ಎಂದು ಖಾತ್ರಿ ಮಾಡಿಕೊಂಡು, ಮತ್ತೆ ಮುಚ್ಚಿತು. ಕೋಲಿನ ಪುಟ್ಟ ಗಾಜಿನಲ್ಲಿ ಹದಿನೈದು ಅಂಕಿ ಹೊಳೆಯುತ್ತಿದ್ದವು.

"ನಮ್ಮ ಫ್ಲಿಂಟ್‌ಗಾ?" ಎಂದ ಕೋರೋ. ಮರಿಯಾಗಿದ್ದಾಗ ಪೇಟೆಯ ಯಾರದೋ ಮನೆಯಿಂದ ತಂದದ್ದಂತೆ. ಅವರು ಹಾಕಿಸಿರಬೇಕು. ಹಳ್ಳಿಗೆ ಬಂದ ಮೇಲೆ ಕೇಳಿದವರಿಲ್ಲ, ನೋಡಿದವರಿಲ್ಲ. ಆಮೇಲೆ ನೆನಪಿಸಿಕೊಂಡು, ಹಾಗಲ್ಲ, ಕೆಲ್ವಿನ್ ಈ ಜನವರಿಯಲ್ಲಿ ಹೊಸ ಕೋಲು ತೋರಿಸಲು ಮನೆಗೆ ಬಂದಿದ್ದ, ತಾನು ಒಳಗೆ ಚಹಾ ಮಾಡುತ್ತಿದ್ದಾಗ ಫ್ಲಿಂಟ್‌ನ ಜೊತೆ ಬಹಳ ಹೊತ್ತು ಕೂತಿದ್ದ ಎಂದ.

ಹ್ಯಾಮಿಶ್ ಕೆಲ್ವಿನ್‌ನ ಕೈಯಿಂದ ನೋಟೀಸನ್ನು ತೆಗೆದುಕೊಂಡ. ಟಗರು ಕೊಂದ ನಾಯಿಗೆ ಚಿಪ್ ಇರಲಿಲ್ಲ. ಈ ನಾಯಿಗೆ ಇದೆ. ಅವನು ಕೋರೋನ ಮುಂದೆ ಬಂದು, ಬಗ್ಗಿ ಫ್ಲಿಂಟ್‌ನ ಕಂಬಳಿ ಸರಿಮಾಡಿದ.

"ಸಾಕು ಬಿಡೋ," ಎಂದ ಕೋರೋ.

ಅಲ್ಲಿಗೆ ಮುಗಿಯಬೇಕಿತ್ತು. ಕೆಲ್ವಿನ್ ಅಂತೂ ಟೋಪಿ ಹಾಕಿಕೊಂಡು ಹೊರಡಲು ನಿಂತ. ಆದರೆ ಬ್ರಾನ್ವಿನ್‌ಗೆ ಖುಷಿಯಾಗಿತ್ತು. ಖಾಲಿ ಕಾಲಂ ಇಟ್ಟುಕೊಂಡೇ ಅಲ್ಲವೇ ಇಷ್ಟೆಲ್ಲ ಆದದ್ದು, ಇನ್ನು ಒಂದು ನಿಮಿಷವೂ ಖಾಲಿ ಬೇಡ, ನಂಬರ್ ಹೇಳಿ ಆಂಟಿ, ಈಗಲೇ ತುಂಬಿಬಿಡುತ್ತೇನೆ ಎಂದಳು.

"ಮಧ್ಯಾಹ್ನ ತುಂಬಿದ್ರೂ ಆಗುತ್ತೆ," ಎಂದ ಕೆಲ್ವಿನ್.

ಮೆರೆಯಾನಾ ಅಂಕಿಗಳನ್ನು ಒಂದೊಂದಾಗಿ ಓದಿದಳು. ಬ್ರಾನ್ವಿನ್ ಹದಿನೈದನ್ನೂ ತುಂಬಿ ಗುಂಡಿ ಒತ್ತಿದಳು. ಕೆಂಪಕ್ಷರ ಬಂತು.

ಇದು ಈಗಾಗಲೇ ಇದೆ.

ಕಂಪನಿಯವನು ಏನೋ ಕೆಡಿಸಿದ್ದಾನೆ ಎಂದುಕೊಂಡು ಮತ್ತೊಮ್ಮೆ ಒತ್ತಿದಳು. ಅದೇ ಕೆಂಪು. ಈ ಸಲ ಕಂಪ್ಯೂಟರ್ ಹೇಳಿದ್ದು ಖಾಲಿಯ ಮಾತಲ್ಲ. ಫ್ಲಿಂಟ್‌ನ ಕತ್ತಿನಲ್ಲಿರುವ ನಂಬರು ದಾಖಲೆಯಲ್ಲಿ ಇನ್ನೊಂದು ನಾಯಿಯ ಹೆಸರಿನಲ್ಲಿತ್ತು. ಮೆರೆಯಾನಾ ಹೇಳಬೇಕಾಗಲಿಲ್ಲ. ಬ್ರಾನ್ವಿನ್ ತಾನೇ ಆ ನಂಬರನ್ನು ಹುಡುಕಿದಳು.

ಅವಳ ಕೈ ಗುಂಡಿಗಳ ಮೇಲೆ ನಿಂತುಬಿಟ್ಟಿತು. ಪರದೆ ಅವಳೊಬ್ಬಳಿಗೇ ಕಾಣುತ್ತಿತ್ತು. ಹಾಗೇ ಮುಚ್ಚಿಬಿಡಬಹುದಿತ್ತು. ಅವಳು ಪರದೆಯನ್ನು ಎರಡೂ ಕೈಯಿಂದ ಹಿಡಿದು ಎಲ್ಲರ ಕಡೆಗೆ ತಿರುಗಿಸಿದಳು.

ನಾಯಿಯ ಹೆಸರು ಟಾಫಿ. ಬಣ್ಣ ಕಪ್ಪುಬಿಳಿ. ಯಜಮಾನಿ ಬ್ರಾನ್ವಿನ್ ಪ್ರಾಸರ್.

"ಫೆಬ್ರವರೀಲಿ ಚಿಪ್ ಹಾಕಿಸ್ಕೊಂಡು ಬರ್ತೀನಿ ಅಂತ ಕರ್ಕೊಂಡು ಹೋದವನು ನೀನು," ಎಂದಳು ಕೆಲ್ವಿನ್‌ಗೆ. "ಸೂಜಿ ಅಂದರೆ ಟಾಫಿಗೆ ಭಯ, ಆದರೂ ಒಂಚೂರೂ ಅಳಲಿಲ್ಲ ಅಂದೆ. ನಂಬರ್ ಬರೆದ ಚೀಟಿ ತಂದುಕೊಟ್ಟೆ. ಕೋರೋ ಚಹಾ ಮಾಡ್ತಿದ್ದಾಗ ಫ್ಲಿಂಟ್‌ನ ಕತ್ತಿನಿಂದ ಬರ್ಕೊಂಡಿದ್ದಾ ಅದು?"

ಕೆಲ್ವಿನ್ ಟೋಪಿ ತೆಗೆದ.

"ಟಾಫಿ ಈಗೆಲ್ಲಿದೆ ಬ್ರಾನ್ವಿನ್?" ಎಂದು ಕೇಳಿದಳು ಮೆರೆಯಾನಾ.

ಬ್ರಾನ್ವಿನ್ ಹ್ಯಾಮಿಶ್‌ನ ಮುಖ ನೋಡಿದಳು, ಅವನ ತೋಳಿನ ಕಪ್ಪುಪಟ್ಟಿ ನೋಡಿದಳು. ಸೋಮವಾರ ಬೆಳಗ್ಗೆ ಬೇಲಿ ಹಾರಿ ಹೋದದ್ದು ಇನ್ನೂ ಬಂದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು. ಇಂಥ ಸಮಯದಲ್ಲಿ ನಾಯಿ ಕಾಣೆಯಾಗಿದೆ ಎಂದರೆ ಜನ ಇಲ್ಲದ್ದು ಕಟ್ಟುತ್ತಾರೆ, ಯಾರಿಗೂ ಹೇಳಬೇಡ, ನಾವಿಬ್ಬರೇ ಹುಡುಕೋಣ ಎಂದು ಕೆಲ್ವಿನ್ ಹೇಳಿದ್ದನಂತೆ.

ಹ್ಯಾಮಿಶ್ ಹೋಗಿ ಕಚೇರಿಯ ಬಾಗಿಲಿಗೆ ಚಿಲಕ ಹಾಕಿ, ಅದಕ್ಕೆ ಬೆನ್ನುಕೊಟ್ಟು ನಿಂತ.

"ಬದುಕಿದೆ," ಎಂದ ಕೆಲ್ವಿನ್ ಕೊನೆಗೆ. "ಹೊಟ್ಟೆ ತುಂಬ ತಿಂತಾ ಇದೆ. ಎಲ್ಲಿದೆ ಅಂತ ಮಾತ್ರ ಇವನೆದುರಿಗೆ ನಾನು ಹೇಳಲ್ಲ."

ಹ್ಯಾಮಿಶ್ ಏನೋ ಕೂಗುತ್ತಿದ್ದ, ಕೋರೋ ಅವನನ್ನು ಸಮಾಧಾನ ಮಾಡುತ್ತಿದ್ದ. ಬ್ರಾನ್ವಿನ್‌ಗೆ ಯಾವುದೂ ಕೇಳಿಸುತ್ತಿರಲಿಲ್ಲ. ಅವಳು ಕೆಲ್ವಿನ್‌ನನ್ನೇ ನೋಡುತ್ತಿದ್ದಳು. ನಾಲ್ಕು ದಿನ ಸಂಜೆ ಅವಳ ಜೊತೆ ಗುಡ್ಡಗುಡ್ಡ ಹತ್ತಿಳಿದು, ಟಾಫೀ, ಟಾಫೀ ಎಂದು ಅವಳಿಗಿಂತ ಜೋರಾಗಿ ಕೂಗಿದ್ದವನನ್ನು.